ಕ್ಲ್ಯಾಪ್ ಸ್ಕೇಟ್: ಡಚ್ಚರ ವೇಗಕ್ಕೆ ಇದೊಂದೇ ಕಾರಣವೇ? ಕೊಳ್ಳುವವರಿಗೊಂದು ವಿಮರ್ಶೆ

2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಲಾಂಗ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್‌ಗೆ (400 ಮೀಟರ್ ಸುತ್ತಿನ ಐಸ್ ಹಾದಿಯ ಸ್ಪರ್ಧೆಗಳಿಗೆ) ಇದ್ದದ್ದು ಒಟ್ಟು 36 ಪದಕ. ಅವುಗಳಲ್ಲಿ 23 ನೆದರ್ಲೆಂಡ್ಸ್ ಪಾಲಾದವು, ಅದರಲ್ಲಿ 8 ಚಿನ್ನ. ಎತ್ತರದ ಬೆಟ್ಟಗಳಿಲ್ಲದ ಸಣ್ಣ ದೇಶ ಚಳಿಗಾಲದ ಆಟದಲ್ಲಿ ಹೀಗೆ ಬಾಚಿಕೊಂಡಾಗ ಎಲ್ಲರೂ ಅವರ ಕಾಲಿನತ್ತಲೇ ನೋಡುತ್ತಾರೆ. ಕಾಲಲ್ಲಿರುವುದು ಕ್ಲ್ಯಾಪ್ ಸ್ಕೇಟ್. ಇವತ್ತು ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ಕೊಂಡರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಇಲ್ಲಿ ನೋಡೋಣ.

ರಚನೆ ಸರಳ. ಹಳೆಯ ಸ್ಕೇಟ್‌ನಲ್ಲಿ ಬ್ಲೇಡ್ ಬೂಟಿನ ಮುಂದೆಯೂ ಹಿಂದೆಯೂ ಬಿಗಿಯಾಗಿ ಕೂತಿರುತ್ತಿತ್ತು. ಕ್ಲ್ಯಾಪ್ ಸ್ಕೇಟ್‌ನಲ್ಲಿ ಹೆಬ್ಬೆರಳಿನ ಬುಡದ ಉಬ್ಬಿನ ಕೆಳಗೆ ಒಂದು ಹಿಂಜ್ ಇದೆ, ಹಿಮ್ಮಡಿಯ ಭಾಗ ಬಿಡುವಾಗಿದೆ. ತಳ್ಳುವಿಕೆಯ ಕೊನೆಯಲ್ಲಿ ಹಿಮ್ಮಡಿ ಮೇಲೆದ್ದರೂ ಬ್ಲೇಡ್ ಪೂರ್ತಿ ಉದ್ದಕ್ಕೆ ಐಸ್ ಮೇಲೇ ಉಳಿಯುತ್ತದೆ. ಕಾಲೆತ್ತಿದ ಕೂಡಲೇ ಸ್ಪ್ರಿಂಗ್ ಅದನ್ನು ಹಿಮ್ಮಡಿಗೆ ಎಳೆದುಕೊಳ್ಳುತ್ತದೆ. ಹಳೆಯ ಸ್ಕೇಟ್‌ನಲ್ಲಿ ಪಾದ ಚಾಚಿದರೆ ಬ್ಲೇಡಿನ ತುದಿ ಐಸನ್ನು ಕೆರೆಯುತ್ತಿತ್ತು. ಹಾಗಾಗಿ ಮೊಣಕಾಲು ಪೂರ್ತಿ ನೇರವಾಗುವ ಮೊದಲೇ ಕಾಲೆತ್ತಬೇಕಿತ್ತು. ಪಾದ ತಿರುಗುವ ಬಿಂದು ಬ್ಲೇಡಿನ ತುದಿಯಿಂದ ಹಿಂದಕ್ಕೆ, ಹಿಂಜ್‌ಗೆ ಸರಿದದ್ದರಿಂದಲೇ ಪ್ರತಿ ತಳ್ಳುವಿಕೆಗೂ ಹೆಚ್ಚು ಕೆಲಸ ದಕ್ಕುತ್ತದೆ.

ಇದನ್ನು ಈಗಿನ ರೂಪಕ್ಕೆ ತಂದವರು ಆಮ್‌ಸ್ಟರ್‌ಡ್ಯಾಮ್‌ನ ಫ್ರೈಯ ವಿಶ್ವವಿದ್ಯಾಲಯದ ಗೆರಿಟ್ ಯಾನ್ ಫಾನ್ ಇಂಗನ್ ಸ್ಕೆನಾವ್ ಮತ್ತು ಸಂಗಡಿಗರು. ಹೆಸರಾಂತ ಸ್ಕೇಟರ್‌ಗಳು ಬಹುಕಾಲ ಇದನ್ನು ಮುಟ್ಟಲೇ ಇಲ್ಲ. 1994-95ರ ಋತುವಿನಲ್ಲಿ ಕಟ್ಟಿಕೊಂಡು ಓಡಿ ತೋರಿಸಿದವರು ದಕ್ಷಿಣ ಹಾಲೆಂಡಿನ ಕಿರಿಯರು. ಆಮೇಲೆ ಡಚ್ ಮಹಿಳೆಯರು ಹಿಡಿದುಕೊಂಡರು. 1997ರಲ್ಲಿ ಟೋನಿ ಡ ಯೋಂಗ್ ಯುರೋಪಿಯನ್ ಚಾಂಪಿಯನ್ ಆದಾಗ ಅನುಮಾನದ ಬಾಯಿ ಮುಚ್ಚಿತು. ಮರುವರ್ಷ ಜಪಾನಿನ ನಾಗಾನೊ ಒಲಿಂಪಿಕ್ಸ್‌ನಲ್ಲಿ ಡಚ್ ಸ್ಕೇಟರ್ ಜಿಯಾನಿ ರೊಮ್ಮ 5,000 ಮೀಟರ್ ಮತ್ತು 10,000 ಮೀಟರ್ ಎರಡರಲ್ಲೂ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. 10,000ದಲ್ಲಿ ಅವರ ಸಮಯ 13 ನಿಮಿಷ 15.33 ಸೆಕೆಂಡು.

ಇಲ್ಲೊಂದು ಮಾತನ್ನು ಒತ್ತಿ ಹೇಳಲೇಬೇಕು. ನಾಗಾನೊ ಹೊತ್ತಿಗೆ ಕ್ಲ್ಯಾಪ್ ಸ್ಕೇಟ್ ಎಲ್ಲ ದೇಶಗಳ ಕೈಗೂ ಬಂದಿತ್ತು. ಪುರುಷರ 500 ಮೀಟರ್ ಚಿನ್ನ ಜಪಾನಿನ ಹಿರೊಯಾಸು ಶಿಮಿಜು ಅವರದು, ಮಹಿಳೆಯರ 5,000 ಮೀಟರ್ ಜರ್ಮನಿಯ ಕ್ಲೌಡಿಯಾ ಪೆಕ್‌ಸ್ಟೈನ್ ಅವರದು. ಸಲಕರಣೆ ತಂದುಕೊಡುವ ಮುನ್ನಡೆ ಒಂದೆರಡು ಋತುವಿನದಷ್ಟೇ. ಆದರೆ 16 ವರ್ಷ ಕಳೆದ ಮೇಲೂ, ಎಲ್ಲರೂ ಅದೇ ಸ್ಕೇಟ್ ಹಾಕುತ್ತಿದ್ದಾಗಲೂ, ಸೋಚಿಯಲ್ಲಿ ಡಚ್ಚರೇ ಮುಂದಿದ್ದರು. ಉತ್ತರ ರಿಂಕ್‌ಗಳಲ್ಲಿದೆ. ಆಮ್‌ಸ್ಟರ್‌ಡ್ಯಾಮ್‌ನ 400 ಮೀಟರ್ ಕೃತಕ ಐಸ್ ಟ್ರ್ಯಾಕ್ 1961ರಲ್ಲೇ ಬಂತು. ಹೀರೆನ್‌ವೇನ್‌ನ ಥಿಯಾಲ್ಫ್ 1967ರಲ್ಲಿ ತೆರೆಯಿತು, 1986ರಲ್ಲಿ ಅದಕ್ಕೆ ಛಾವಣಿ ಬಂತು. ಕಾಲುವೆಗಳು ಗಟ್ಟಿಯಾಗಿ ಹೆಪ್ಪುಗಟ್ಟುವ ಚಳಿಗಾಲ ಅಪರೂಪವಾಗಿದೆ. ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಸ್ಕೇಟ್ ಮಾಡುತ್ತ ಸಾಗುವ, ಸುಮಾರು 200 ಕಿಲೋಮೀಟರಿನ ಹನ್ನೊಂದು ಊರುಗಳ ಓಟ ಕೊನೆಯ ಬಾರಿ ನಡೆದದ್ದು 1997ರ ಜನವರಿಯಲ್ಲಿ. ಹವಾಮಾನ ಕೈಕೊಟ್ಟರೂ ಆಟ ಸೊರಗಲಿಲ್ಲ, ಏಕೆಂದರೆ ಮಕ್ಕಳಿಗೆ ಐಸ್ ಸಿಗುತ್ತಲೇ ಇತ್ತು. ಜಾರುಬಂಡಿಯಲ್ಲಿ ಜರ್ಮನಿಯದೂ ಇದೇ ಕಥೆ. 2022ರ ಬೀಜಿಂಗ್‌ನಲ್ಲಿ ಲೂಜ್, ಸ್ಕೆಲಿಟನ್, ಬಾಬ್‌ಸ್ಲೇ ಸೇರಿ ಇದ್ದ 10 ಚಿನ್ನಗಳಲ್ಲಿ 9 ಅವರಿಗೆ ಹೋದವು. ಬಂಡಿ ರೂಪಿಸಲು ಬರ್ಲಿನ್‌ನಲ್ಲಿ ಸಂಸ್ಥೆಯೇ ಇದೆ ನಿಜ, ಆದರೆ ಕೃತಕ ಹಾದಿಗಳನ್ನು ಒಂದಲ್ಲ, ನಾಲ್ಕು ಕಡೆ ಕಟ್ಟಿಕೊಂಡ ದೇಶ ಅದು.

ಹಾಗಾಗಿ ಕೊಳ್ಳುವವರಿಗೆ ನಮ್ಮ ಮೊದಲ ಮಾತು: ವಾರಕ್ಕೆ ಎರಡು ಬಾರಿಯಾದರೂ 400 ಮೀಟರ್ ಟ್ರ್ಯಾಕ್ ಸಿಗದಿದ್ದರೆ ಇದು ಬೇಡ. ಚಿಕ್ಕ ಸುತ್ತಿನ ಶಾರ್ಟ್ ಟ್ರ್ಯಾಕ್ ಸ್ಪರ್ಧೆಯಲ್ಲಿ ಇದಕ್ಕೆ ಅನುಮತಿಯೂ ಇಲ್ಲ. ಟ್ರ್ಯಾಕ್ ಸಿಗುವವರಿಗೆ ಇದಕ್ಕಿಂತ ಒಳ್ಳೆಯ ಸ್ಕೇಟ್ ಇಲ್ಲ.

ಬ್ಲೇಡ್ ವಯಸ್ಕರಿಗೆ 38ರಿಂದ 45 ಸೆಂ.ಮೀ. ಉದ್ದ, ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಉದ್ದಕ್ಕೂ ಬಹಳ ನವಿರಾದ ಬಾಗು ಇರುತ್ತದೆ, ಇದಕ್ಕೆ ರಾಕರ್ ಎನ್ನುತ್ತಾರೆ. ತ್ರಿಜ್ಯ ಸಾಮಾನ್ಯವಾಗಿ 21ರಿಂದ 25 ಮೀಟರ್. 23 ಮೀಟರ್ ತ್ರಿಜ್ಯವೆಂದರೆ 100 ಮಿ.ಮೀ. ಉದ್ದದಲ್ಲಿ ನಡುವಿನ ಉಬ್ಬು ಕೇವಲ 0.054 ಮಿ.ಮೀ. ಕಣ್ಣಿಗೆ ಕಾಣದ ಈ ಉಬ್ಬನ್ನು ಹಾಳುಮಾಡುವುದು ಬಹಳ ಸುಲಭ, ಬಹುಪಾಲು ಜನ ಮಾಡುವುದೂ ಅದನ್ನೇ.

ಸಾಣೆ ಹಿಡಿಯುವಾಗ ಎರಡೂ ಸ್ಕೇಟ್‌ಗಳನ್ನು ತಲೆಕೆಳಗಾಗಿ ಜಿಗ್‌ಗೆ (ಜೋಡಿಯನ್ನು ಅಲುಗದಂತೆ ಹಿಡಿದಿಡುವ ಚೌಕಟ್ಟಿಗೆ) ಕಚ್ಚಿಸಿ, ಬ್ಲೇಡ್‌ಗಳು ಒಂದೇ ಎತ್ತರಕ್ಕೆ ಬಂದಿವೆಯೇ ನೋಡಿ. ಕಲ್ಲನ್ನು ಎರಡರ ಮೇಲೂ ಅಡ್ಡಲಾಗಿಟ್ಟು ತುದಿಯಿಂದ ತುದಿಗೆ ಒಂದೇ ಒತ್ತಡದಲ್ಲಿ ಎಳೆಯಿರಿ. ಎರಡೂ ತುದಿಗಳಲ್ಲಿ ಕೈಭಾರ ಹೆಚ್ಚಾಗುವುದು ಸಹಜ. ಹಾಗಾದರೆ ತುದಿಗಳು ಹೆಚ್ಚು ಸವೆದು ತ್ರಿಜ್ಯ ಚಿಕ್ಕದಾಗುತ್ತದೆ, ನೇರ ಹಾದಿಯಲ್ಲಿ ಸ್ಕೇಟ್ ನಿಲ್ಲದೆ ಅಲುಗುತ್ತದೆ. ಒರಟು ಕಲ್ಲಿನ ಕೆಲಸ ಮುಗಿದಾಗ ಅಂಚಿನಲ್ಲಿ ಲೋಹದ ಸಣ್ಣ ಎಸಳು ಎದ್ದಿರುತ್ತದೆ. ಚಿಕ್ಕ ಕಲ್ಲನ್ನು ಬ್ಲೇಡಿನ ಬದಿಗೆ ಪೂರ್ತಿ ಒರಗಿಸಿ ಅದನ್ನು ತೆಗೆಯಿರಿ. ಕಲ್ಲು ಓರೆಯಾಯಿತೋ ಅಂಚು ಮೊಂಡಾಯಿತು, ಮೊದಲಿನಿಂದ ಶುರು. ಕೊನೆಗೆ ನಯವಾದ ಕಲ್ಲಿನಿಂದ ಹಗುರವಾಗಿ ನಾಲ್ಕಾರು ಬಾರಿ ಸವರಿದರೆ ಸಾಕು. ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆದಾಗ ಎರಡೂ ಅಂಚುಗಳು ಸಮವಾಗಿ ಪುಡಿ ಹೆರೆಯಬೇಕು. ಹಾಕಿ ಸ್ಕೇಟ್‌ನ ತಳದಲ್ಲಿರುವ ಗುಳಿ ಇಲ್ಲಿಲ್ಲ. ತಳ ಚಪ್ಪಟೆ, ಅಂಚುಗಳು 90 ಡಿಗ್ರಿ. ಹಾಕಿ ಅಂಗಡಿಯ ಯಂತ್ರಕ್ಕೆ ಇದನ್ನು ಎಂದಿಗೂ ಕೊಡಬೇಡಿ.

ಜೋಡಣೆಗೂ ತಾಳ್ಮೆ ಬೇಕು. ಹಿಂಜ್ ತೀರಾ ಮುಂದಿದ್ದರೆ ಮೀನಖಂಡಕ್ಕೆ ಭಾರ ಬೀಳುತ್ತದೆ, ತೀರಾ ಹಿಂದಿದ್ದರೆ ಹಿಮ್ಮಡಿ ಬೇಗ ಎದ್ದು ತಳ್ಳುವಿಕೆ ಸೋರಿಹೋಗುತ್ತದೆ. ಪಾದ ಒಳಮುಖವಾಗಿ ಕುಸಿಯುತ್ತಿದ್ದರೆ ಬ್ಲೇಡನ್ನು ಹೆಬ್ಬೆರಳಿನ ಕಡೆಗೆ ಸರಿಸಿ, ಒಮ್ಮೆಗೆ 1 ಮಿ.ಮೀ. ಮಾತ್ರ. ಮೊದಲ ದಿನದ ಅಭ್ಯಾಸ ಮುಗಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಮತ್ತೆ ಬಿಗಿಮಾಡಿ.

ಇದರ ನಿಜವಾದ ದೌರ್ಬಲ್ಯ ಸ್ಪ್ರಿಂಗ್. ಅದು ಸೋತರೆ ಕಾಲಿಡುವ ಹೊತ್ತಿಗೆ ಬ್ಲೇಡ್ ಇನ್ನೂ ಜೋತಾಡುತ್ತಿರುತ್ತದೆ, ತುದಿ ಐಸಿಗೆ ಸಿಕ್ಕಿಕೊಂಡು ಮುಗ್ಗರಿಸುವುದು ಖಚಿತ. ಬೂಟನ್ನು ಕೈಯಲ್ಲಿ ಹಿಡಿದು, ಬ್ಲೇಡಿನ ಹಿಂಭಾಗವನ್ನು ಕೆಳಗೆಳೆದು ಬಿಡಿ. ಒಂದೇ ಏಟಿಗೆ ಬಂದು ಕೂತರೆ ಸರಿ, ತೂಗಾಡಿ ಕೂತರೆ ಸ್ಪ್ರಿಂಗ್ ಬದಲಿಸಿ.

ಹೊಸಬರು ಸೆಕೆಂಡ್‌ಹ್ಯಾಂಡ್ ಜೋಡಿಯಿಂದ ಶುರುಮಾಡುವುದೇ ಒಳ್ಳೆಯದು, ವೈಕಿಂಗ್‌ನಂಥ ಹಳೆಯ ಡಚ್ ಕಂಪನಿಗಳ ಬಳಸಿದ ಸ್ಕೇಟ್‌ಗಳು ಬೇಕಾದಷ್ಟು ಸಿಗುತ್ತವೆ. ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಬ್ಲೇಡಿನ ಮುಂತುದಿ ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿ. ಹಿಂಜ್‌ನಲ್ಲಿ ಸಡಿಲ ಕಂಡರೆ ಬೇಡ. ಇನ್ನೊಂದು, ಬ್ಲೇಡನ್ನು ಮೇಲಿನಿಂದ ಹಿಡಿದಿರುವ ಕೊಳವೆಯಿಂದ ಕೆಳಗೆ ಉಳಿದಿರುವ ಉಕ್ಕಿನ ಎತ್ತರ ಅಳೆಯಿರಿ. ಸಾಣೆ ಹಿಡಿದು ಹಿಡಿದು ಅದು ತಗ್ಗಿದ್ದರೆ, ತಿರುವಿನಲ್ಲಿ ಮೈ ವಾಲಿಸಿದಾಗ ಕೊಳವೆಯೇ ಐಸಿಗೆ ತಾಗುತ್ತದೆ, ಆಗ ಸ್ಕೇಟ್ ಕಾಲಡಿಯಿಂದ ಜಾರಿಹೋಗುತ್ತದೆ.