ಗೆರೆ ಸೊಟ್ಟ ಬಂದಾಗ: ಇಂಕ್‌ಜೆಟ್ ಹೆಡ್ ಸರಿಮಾಡಲು ಯಾವ ದಾರಿ ಒಳ್ಳೆಯದು?

ಮೊದಲೇ ಹೇಳಿಬಿಡುತ್ತೇನೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ನಿಂತ ಗೆರೆ ಮುರಿದು ಬಂದರೆ, ಅಕ್ಷರಕ್ಕೆ ನೆರಳು ಬಿದ್ದರೆ, ಮ್ಯಾನ್ಯುಯಲ್ ಅಲೈನ್‌ಮೆಂಟೇ, ಅಂದರೆ ಶಾಯಿ ಬಿಡುವ ಹೆಡ್ಡನ್ನು ಕಣ್ಣಳತೆಯಲ್ಲಿ ಹೊಂದಿಸುವುದೇ, ನನಗೆ ಹೆಚ್ಚು ಕೈ ಹಿಡಿದಿದೆ. ಪ್ರಿಂಟರ್ ತಾನೇ ಹೊಂದಿಸಿಕೊಳ್ಳುವ ಆಟೋ ಅಲೈನ್‌ಮೆಂಟ್ ಎರಡನೆಯದು. ಎಲ್ಲರೂ ಮೊದಲು ಒತ್ತುವ ಹೆಡ್ ಕ್ಲೀನಿಂಗ್ ಈ ತೊಂದರೆಗೆ ಕೊನೆಯದು. ಆದರೆ ಅಲೈನ್‌ಮೆಂಟಿಗೆ ಕೈ ಹಾಕುವ ಮುಂಚೆ ಒಂದು ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ನೋಡಬೇಕು. ಅದನ್ನು ಬಿಟ್ಟು ಮಾಡಿದ್ದೆಲ್ಲ ಸುಮ್ನೆ ಶ್ರಮ.

ವಿಜಯಪುರದ ಸ್ಟೇಷನ್ ರಸ್ತೆ ಕಡೆ ನಮ್ಮದು ಝೆರಾಕ್ಸ್ ಅಂಗಡಿ. ಎರಡು ಇಂಕ್‌ಜೆಟ್ ಇವೆ. ಒಂದಕ್ಕೆ ಮೇಲೆ ಸ್ಕ್ಯಾನರ್ ಇದೆ, ಅದರಲ್ಲಿ ಆಟೋ, ಮ್ಯಾನ್ಯುಯಲ್ ಎರಡೂ ಬಗೆಯ ಅಲೈನ್‌ಮೆಂಟ್ ಬರುತ್ತದೆ. ಇನ್ನೊಂದು ಬರೀ ಪ್ರಿಂಟರ್, ಅದರಲ್ಲಿ ಮ್ಯಾನ್ಯುಯಲ್ ಮಾತ್ರ. ದಿನದ ಕೆಲಸ ಅಂದರೆ ಉತಾರ (ಹೊಲದ ಪಹಣಿ), ಹಾಲ್ ಟಿಕೆಟ್, ಅರ್ಜಿ ನಮೂನೆ, ಪಾಸ್‌ಪೋರ್ಟ್ ಸೈಜಿನ ಫೋಟೋ. ಉತಾರದಲ್ಲಿ ಖಾನೆಗಳೇ ಜಾಸ್ತಿ. ಹೆಡ್ ಸ್ವಲ್ಪ ತಪ್ಪಿದರೂ ಆ ನಿಂತ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಬ್ಯಾಂಕಿಗೆ ಹೊರಟ ಹಿರಿಯರೊಬ್ಬರು ಹಾಳೆ ಬೆಳಕಿಗೆ ಹಿಡಿದು ಕೇಳಿದ್ದರು, "ತಂಗಿ, ಗೆರಿ ಸೊಟ್ಟ ಬಂದಾವಲ್ಲ, ಬ್ಯಾಂಕಿನ್ಯಾಗ ನಡೀತದೇನು?" "ನಡೀತದ ಕಾಕಾ, ಆದ್ರ ಇನ್ನೊಂದು ತಗದ ಕೊಡ್ತೀನಿ ತಡೀರಿ" ಅಂದೆ.

ಗೆರೆಗಿಂತ ಅಕ್ಷರದ ಚಿಂತೆ ನನಗೆ ಹೆಚ್ಚು. ಕನ್ನಡದಲ್ಲಿ ಹೊಟ್ಟೆ ಸೀಳಿದ ಅಕ್ಷರಗಳಿವೆ ಅಲ್ವಾ? ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ. ಸಣ್ಣ ಫಾಂಟಿನಲ್ಲಿ ಇವುಗಳ ನಡುವೆ ಇರುವುದು ಒಂದು ಚಿಕ್ಕ ಗೀಟು ಅಷ್ಟೇ. ಹೆಡ್ ತಪ್ಪಿದಾಗ ಆ ಗೀಟು ಎರಡಾಗುತ್ತದೆ, ಇಲ್ಲವೇ ಪಕ್ಕದ ಶಾಯಿಯಲ್ಲಿ ಮುಳುಗುತ್ತದೆ. ಹೊಲದ ಕಾಗದದಲ್ಲಿ ಹೆಸರು ಹಾಗೆ ಬರಬಾರದು. ಒತ್ತಕ್ಷರಗಳ ಗತಿಯೂ ಅದೇ.

ಹಾಗಾದರೆ ತಪ್ಪುವುದು ಎಲ್ಲಿ? ಹೆಡ್ ಎಡದಿಂದ ಬಲಕ್ಕೆ ಹೋಗುವಾಗಲೂ ಶಾಯಿ ಬಿಡುತ್ತದೆ, ಬಲದಿಂದ ಎಡಕ್ಕೆ ಬರುವಾಗಲೂ ಬಿಡುತ್ತದೆ. ಓಡುವ ಹೆಡ್ಡಿನಿಂದ ಬಿದ್ದ ಹನಿ ನೇರ ಕೆಳಗೆ ಬೀಳುವುದಿಲ್ಲ, ಹೆಡ್ ಹೊರಟ ಕಡೆಗೇ ಸ್ವಲ್ಪ ಮುಂದೆ ಬೀಳುತ್ತದೆ. ಓಡುವ ಎತ್ತಿನ ಬಂಡಿಯಿಂದ ಕಾಳು ಚೆಲ್ಲಿದ ಹಾಗೆ. ಒಂದು ಲೆಕ್ಕ ಹಿಡಿಯೋಣ. ಹೆಡ್ ಸೆಕೆಂಡಿಗೆ 1 ಮೀಟರ್ ಓಡುತ್ತದೆ, ಹನಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಇಳಿಯುತ್ತದೆ, ಹೆಡ್ಡಿಗೂ ಹಾಳೆಗೂ 1 ಮಿಲಿಮೀಟರ್ ಅಂತರ. ಆಗ ಹನಿ 0.125 ಮಿಲಿಮೀಟರ್ ಮುಂದೆ ಬೀಳುತ್ತದೆ. ಹೋಗುವಾಗ ಆ ಕಡೆ ಅಷ್ಟು, ಬರುವಾಗ ಈ ಕಡೆ ಅಷ್ಟು, ಒಟ್ಟು 0.25. ಒಂದೇ ಗೆರೆ ಎರಡಾಗಲು ಇಷ್ಟು ಸಾಕು. ಪ್ರಿಂಟರ್ ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಿ ಹನಿಯನ್ನು ಬೇಗ ಬಿಡುತ್ತದೆ. ಆ ಲೆಕ್ಕವನ್ನು ಮತ್ತೆ ಹೊಂದಿಸುವುದೇ ಅಲೈನ್‌ಮೆಂಟ್.

ಇಲ್ಲಿಯೇ ಆಟೋ ಮತ್ತು ಮ್ಯಾನ್ಯುಯಲ್ ಬೇರೆಯಾಗುತ್ತವೆ. ಆಟೋ ಸುಲಭ, ಅದರಲ್ಲಿ ಅನುಮಾನವಿಲ್ಲ. ಬಿಳಿ ಎ4 ಹಾಳೆ ಹಾಕಿ ಒತ್ತಿದರೆ ಪ್ರಿಂಟರ್ ಪಟ್ಟೆಪಟ್ಟೆಯ ಹಾಳೆಯೊಂದನ್ನು ಕೊಡುತ್ತದೆ. ಅದನ್ನು ಸ್ಕ್ಯಾನರ್ ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟರೆ ಅದೇ ಓದಿಕೊಂಡು ಸರಿಮಾಡಿಕೊಳ್ಳುತ್ತದೆ. ಕಾರ್ಟ್ರಿಜ್ ಬದಲಿಸಿದ ಕೂಡಲೇ ಎಚ್‌ಪಿ ಪ್ರಿಂಟರುಗಳು ತಾವೇ ಇದನ್ನು ಮಾಡಲು ಕೇಳುತ್ತವೆ. ಅವುಗಳ ಹಲವು ಮಾಡೆಲ್‌ಗಳಲ್ಲಿ ಹೆಡ್ ಇರುವುದು ಕಾರ್ಟ್ರಿಜ್ಜಿನಲ್ಲೇ, ಹೊಸ ಕಾರ್ಟ್ರಿಜ್ ಅಂದರೆ ಹೊಸ ಹೆಡ್. ಮನೆಯಲ್ಲಿ ಒಂದೇ ಬಗೆಯ ಹಾಳೆ ಹಾಕುವವರಿಗೆ ಆಟೋ ಸಾಕು. ಗಾಜು ಒರೆಸಿರಬೇಕು, ಹಾಳೆ ಒಂದು ಬದಿ ಮುದ್ರಿಸಿದ ರದ್ದಿ ಆಗಿರಬಾರದು. ನಮ್ಮ ಅಂಗಡಿಯಲ್ಲಿ ಅದು ಎಡವಿದ್ದೆಲ್ಲ ಗಾಜಿನ ಮೇಲಿನ ದೂಳಿನಿಂದ.

ಆದರೆ ಆಟೋ ಸರಿಮಾಡಿದ್ದು ಆ ತೆಳು ಹಾಳೆಗೆ. ಫೋಟೋಗೆ ನಾವು ಹಾಕುವುದು 260 ಜಿಎಸ್‌ಎಂ (ಚದರ ಮೀಟರಿಗೆ 260 ಗ್ರಾಂ ತೂಗುವ) ಗ್ಲಾಸಿ, ಅಂದರೆ ಹೊಳಪಿನ ಫೋಟೋ ಹಾಳೆ. ಸಾದಾ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ ಇದ್ದರೆ, ಗ್ಲಾಸಿ ಸುಮಾರು 0.3 ಹತ್ತಿರ ಬರುತ್ತದೆ. ಹಾಳೆ ದಪ್ಪವಾದಷ್ಟು ಹೆಡ್ಡಿಗೆ ಹತ್ತಿರ ಬಂತು, ಹನಿ ಮೊದಲೇ ನೆಲ ಮುಟ್ಟಿತು. ಮೇಲಿನ ಲೆಕ್ಕದಲ್ಲೇ ನೋಡಿದರೆ ಎರಡೂ ಕಡೆ ಸೇರಿ 0.05 ಮಿಲಿಮೀಟರ್ ವ್ಯತ್ಯಾಸ. ಇಂಚಿಗೆ 1200 ಚುಕ್ಕೆ ಇಡುವ ಪ್ರಿಂಟರಿನಲ್ಲಿ ಎರಡು ಚುಕ್ಕೆಗಿಂತ ಜಾಸ್ತಿ. ಫೋಟೋದಲ್ಲಿ ಕೂದಲಿನ ಅಂಚು, ಹುಬ್ಬು ಮಸುಕಾಗುವುದು ಇದರಿಂದ.

ಮ್ಯಾನ್ಯುಯಲ್‌ನಲ್ಲಿ ನಿಮ್ಮ ಕಣ್ಣೇ ಅಳತೆ. ಪ್ರಿಂಟರ್ ಸಾಲುಸಾಲಾಗಿ ಚೌಕಗಳನ್ನು ಮುದ್ರಿಸಿ ಕೆಳಗೆ ಸಂಖ್ಯೆ ಕೊಡುತ್ತದೆ. ಯಾವ ಚೌಕದಲ್ಲಿ ಗೆರೆ, ಬಿರುಕು ಕಾಣದೆ ಬಣ್ಣ ಒಂದೇ ಸಮ ಇದೆಯೋ ಆ ಸಂಖ್ಯೆ ಆರಿಸಬೇಕು. ಟ್ಯೂಬ್‌ಲೈಟಿನಲ್ಲಿ ಪಕ್ಕಪಕ್ಕದ ಎರಡು ಚೌಕ ಒಂದೇ ಥರ ಕಾಣುತ್ತವೆ. ಹಾಳೆಯನ್ನು ಬಾಗಿಲಿಗೆ ಒಯ್ದು ಬಿಸಿಲಲ್ಲಿ ಹಿಡಿಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಆರಿಸಿದ ಮೇಲೆ ಮತ್ತೊಮ್ಮೆ ಹಾಳೆ ತೆಗೆಯಿರಿ. ಮೊದಲ ಸಲ ಹತ್ತಿರಕ್ಕೆ ಬರುತ್ತದೆ, ಎರಡನೇ ಸಲ ನಿಲ್ಲುತ್ತದೆ. ನಾನು ಹೆಚ್ಚು ಕೆಲಸ ಬರುವ ಹಾಳೆಯಲ್ಲೇ ಇದನ್ನು ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ ಫೋಟೋ ಕೆಲಸ ಜಾಸ್ತಿ ಬಂದರೆ ಗ್ಲಾಸಿಯಲ್ಲಿ, ಉಳಿದಂತೆ ಸಾದಾ ಹಾಳೆಯಲ್ಲಿ. ಸ್ಕ್ಯಾನರ್ ಪ್ರಿಂಟರಿನಲ್ಲಿ ಎರಡೂ ದಾರಿ ಪಕ್ಕದಲ್ಲಿಟ್ಟು ನೋಡಿದ್ದೇನೆ. ಉತಾರದಲ್ಲಿ ಫರಕು ಕಾಣಲಿಲ್ಲ. ಗ್ಲಾಸಿ ಫೋಟೋದಲ್ಲಿ ಮ್ಯಾನ್ಯುಯಲ್ ಎದ್ದು ಕಂಡಿತು.

ಇನ್ನು ಆ ಪಟ್ಟಿ. ಹೆಡ್ ಓಡುವ ದಾರಿಯುದ್ದಕ್ಕೂ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯೊಂದು ಬಿಗಿದಿರುತ್ತದೆ. ಅದರ ಮೇಲೆ ಇಂಚಿಗೆ ನೂರಕ್ಕೂ ಹೆಚ್ಚು ಸಣ್ಣ ಗೆರೆಗಳಿರುತ್ತವೆ. ಎನ್‌ಕೋಡರ್ ಸ್ಟ್ರಿಪ್ ಅನ್ನುತ್ತಾರೆ. ಹೆಡ್ ಹಿಂದಿನ ಸೆನ್ಸರ್ ಆ ಗೆರೆ ಎಣಿಸುತ್ತಾ ತಾನೆಲ್ಲಿದ್ದೇನೆ ಅಂತ ತಿಳಿಯುತ್ತದೆ. ಶಾಯಿಯ ತುಂತುರು, ಗ್ರೀಸ್, ನಮ್ಮೂರಿನ ದೂಳು ಅದರ ಮೇಲೆ ಕೂತರೆ ಎಣಿಕೆ ತಪ್ಪುತ್ತದೆ. ಗುರುತಿಸುವುದು ಕಷ್ಟವಲ್ಲ. ಅಲೈನ್‌ಮೆಂಟ್ ತಪ್ಪಿದ್ದರೆ ಹಾಳೆಯ ಅಗಲಕ್ಕೂ ತೊಂದರೆ ಒಂದೇ ಸಮ ಇರುತ್ತದೆ. ಪಟ್ಟಿ ಕೊಳೆಯಾಗಿದ್ದರೆ ಒಂದು ಜಾಗದಿಂದಾಚೆ ಗೆರೆ ಸರಿದಿರುತ್ತದೆ, ಕೆಲವೊಮ್ಮೆ ಹೆಡ್ ಬದಿಗೆ ಹೋಗಿ ಡಿಕ್ಕಿ ಹೊಡೆದು ಎರರ್ ಬರುತ್ತದೆ. ಆಗ ಎಷ್ಟು ಅಲೈನ್‌ಮೆಂಟ್ ಮಾಡಿದರೂ ನಿಲ್ಲುವುದಿಲ್ಲ.

ಒರೆಸುವುದಕ್ಕೆ ಪ್ಲಗ್ ಕಿತ್ತು, ನೂಲು ಬಿಡದ ಬಟ್ಟೆಗೆ ಡಿಸ್ಟಿಲ್ಡ್ ವಾಟರ್ ಬರೀ ಪಸೆಯಾಗುವಷ್ಟು ಹಚ್ಚಿ, ಪಟ್ಟಿಯನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ನೀರೇ ಅದು. ಬೋರಿನ ನೀರು ಬೇಡ. ನಮ್ಮ ಕಡೆಯ ಬೋರಿನ ನೀರು ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತದೆ, ಅದು ಶಾಯಿಗಿಂತ ಕೆಟ್ಟದ್ದು. ಥಿನ್ನರ್, ಪೆಟ್ರೋಲ್ ಮುಟ್ಟಿಸಿದರೆ ಪಟ್ಟಿಯ ಗೆರೆಗಳೇ ಅಳಿಸಿಹೋಗಬಹುದು. ಪಕ್ಕದ ಕಬ್ಬಿಣದ ಸರಳಿನ ಗ್ರೀಸ್ ಒರೆಸಬೇಡಿ, ಅದು ಅಲ್ಲಿ ಇರಬೇಕಾದದ್ದೇ. ಪಟ್ಟಿ ಕೊಕ್ಕೆಯಿಂದ ಬಿಚ್ಚಿಕೊಂಡರೆ ಇದ್ದ ಬದಿಯಲ್ಲೇ ಮತ್ತೆ ಸಿಕ್ಕಿಸಿ. ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ.

ಹೆಡ್ ಕ್ಲೀನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ನಾಝಲ್ ಚೆಕ್ ತೆಗೆಯಿರಿ, ಅಂದರೆ ಹೆಡ್ಡಿನ ಶಾಯಿ ರಂಧ್ರಗಳನ್ನು ಪರೀಕ್ಷಿಸುವ ಗೆರೆಗಳ ಹಾಳೆ. ಗೆರೆ ನಡುವೆ ಖಾಲಿ ಬಿಟ್ಟಿದ್ದರೆ ಕ್ಲೀನಿಂಗ್ ಬೇಕು. ಗೆರೆ ಪೂರ್ತಿ ಇದ್ದು ಸರಿದಿದ್ದರೆ ಬೇಡ. ಒಂದು ವಿನಾಯಿತಿ ಇದೆ. ನಾಝಲ್ ಬಾಯಲ್ಲಿ ಶಾಯಿ ಒಣಗಿ ಹನಿ ಓರೆಯಾಗಿ ಹಾರುವುದುಂಟು, ಅದು ಅಲೈನ್‌ಮೆಂಟ್ ತಪ್ಪಿದ ಹಾಗೇ ಕಾಣುತ್ತದೆ. ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕರೆಂಟು ನಡುವೆ ಹೋದರೆ ಹೆಡ್ ತನ್ನ ಮುಚ್ಚಳಕ್ಕೆ ಮರಳದೆ ಬಯಲಲ್ಲೇ ನಿಂತು ಒಣಗುತ್ತದೆ. ಹಾಗಾಗಿ ಒಂದು ಸಲ ಮಾಡಿ ನೋಡಬಹುದು. ಮೇಲಿಂದ ಮೇಲೆ ಒತ್ತಿದರೆ ಶಾಯಿಯೆಲ್ಲ ಬೇಡದ ಶಾಯಿ ಹೀರುವ ವೇಸ್ಟ್ ಪ್ಯಾಡಿಗೆ ಹೋಗುತ್ತದೆ. ಆ ಪ್ಯಾಡ್ ತುಂಬಿದ ದಿನ ಪ್ರಿಂಟರ್ ನಿಲ್ಲುತ್ತದೆ.

ತುರ್ತಿಗೆ ಇನ್ನೊಂದು ದಾರಿ: ಒಂದೇ ದಿಕ್ಕಿನ ಪ್ರಿಂಟಿಂಗ್. ಪ್ರಿಂಟ್ ಸೆಟ್ಟಿಂಗಿನಲ್ಲಿ ಬೈಡೈರೆಕ್ಷನಲ್ ಅಥವಾ ಹೈ ಸ್ಪೀಡ್ ಅನ್ನುವ ಟಿಕ್ ತೆಗೆಯಿರಿ. ಹೆಡ್ ಹೋಗುವಾಗ ಮಾತ್ರ ಶಾಯಿ ಬಿಡುತ್ತದೆ, ಗೆರೆ ನೆಟ್ಟಗಾಗುತ್ತದೆ. ಸಮಯ ಹೆಚ್ಚುಕಡಿಮೆ ಎರಡು ಪಟ್ಟು ಹಿಡಿಯುತ್ತದೆ. ಅರ್ಜಿಯ ಕೊನೆಯ ದಿನ ಹುಡುಗರು ಸಾಲು ನಿಂತಾಗ ಇದು ನಡೆಯುವುದಿಲ್ಲ. ಆದರೆ ಪರೀಕ್ಷೆಗೆ ಇದರಷ್ಟು ಒಳ್ಳೆಯದಿಲ್ಲ. ಟಿಕ್ ತೆಗೆದಾಗ ಗೆರೆ ಸರಿಯಾದರೆ ತಪ್ಪು ಅಲೈನ್‌ಮೆಂಟಿನದು. ಆಗಲೂ ಸೊಟ್ಟ ಬಂದರೆ ಪಟ್ಟಿ ನೋಡಿ. ಸಮ ಅಂತರದಲ್ಲಿ ಅಡ್ಡ ಪಟ್ಟೆ ಬಂದರೆ ಹಾಳೆ ಎಳೆಯುವ ರೋಲರ್ ಕಡೆ ನೋಡಿ, ಅದರ ದೂಳು ಒರೆಸಿ.

ಪಟ್ಟಿ ಸ್ವಚ್ಛವಿದೆ, ನಾಝಲ್ ಪೂರ್ತಿ ಇವೆ, ಸರಿಮಾಡಿದ ಅಲೈನ್‌ಮೆಂಟ್ ಮರುದಿನ ಮತ್ತೆ ತಪ್ಪುತ್ತಿದೆ ಅಂದರೆ ಹೆಡ್ಡಿನ ಗಾಡಿ ಸಡಿಲಾಗಿರಬೇಕು, ಇಲ್ಲ ಬೆಲ್ಟ್ ಸವೆದಿರಬೇಕು. ಅದು ರಿಪೇರಿಯವರ ಕೆಲಸ. ಹೊಸ ಹೆಡ್ ಹಾಕಬೇಕು ಅಂತ ಅವರು ಹೇಳಿದರೆ, ಒಪ್ಪುವ ಮುಂಚೆ ಹೊಸ ಪ್ರಿಂಟರಿನ ರೇಟೂ ಕೇಳಿಕೊಳ್ಳಿ.