ಗ್ಯಾಲಕ್ಟೊಮ್ಯಾನನ್ ಟೆಸ್ಟ್: ರಕ್ತದಲ್ಲಿ ಒಂದು ಉತ್ತರ, ಶ್ವಾಸಕೋಶದಲ್ಲಿ ಇನ್ನೊಂದು

ರಕ್ತ ಕ್ಯಾನ್ಸರ್ ವಾರ್ಡಿನ ವೈದ್ಯೆಯಾಗಿ ನಾನು ಪದೇ ಪದೇ ಬರೆಯುವ ಪರೀಕ್ಷೆ ಇದು. ಲ್ಯುಕೇಮಿಯಾಕ್ಕೆ ಕೀಮೋ ಆದಮೇಲೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೇ ಉಳಿದು 10 ದಿನ ದಾಟಿದೆ, ಆಂಟಿಬಯಾಟಿಕ್‌ಗೂ ಜ್ವರ ಬಗ್ಗುತ್ತಿಲ್ಲ ಅಂದರೆ ಆಸ್ಪರ್ಜಿಲಸ್ ಫಂಗಸ್ ಮೇಲೆ ಅನುಮಾನ ಬಂದೇ ಬರುತ್ತದೆ. ಅದು ಬ್ಲಡ್ ಕಲ್ಚರ್‌ನಲ್ಲಿ ಬೆಳೆಯುವುದು ತೀರಾ ಅಪರೂಪ. ಬಯಾಪ್ಸಿ ಮಾಡೋಣವೆಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿರುತ್ತದೆ. ಎಕ್ಸ್‌ರೇ ನಂಬುವ ಹಾಗಿಲ್ಲ, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಅದರ ಜೊತೆಗೆ ಈ ಪರೀಕ್ಷೆ.

ಫಂಗಸ್ ಬೆಳೆಯುವಾಗ ಅದರ ಕೋಶಭಿತ್ತಿಯಿಂದ ಹೊರಬೀಳುವ ಸಕ್ಕರೆಯ ಸರಪಳಿಯೇ ಗ್ಯಾಲಕ್ಟೊಮ್ಯಾನನ್. ಲ್ಯಾಬಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವವಾದ ಸೀರಮ್ಮನ್ನು ಕಾಯಿಸಿ, ಆಂಟಿಬಾಡಿ ಅಂಟಿಸಿದ ಪ್ಲೇಟಿನ ಗುಳಿಗಳಿಗೆ ಹಾಕುತ್ತಾರೆ. ಕೊನೆಯಲ್ಲಿ ಆಮ್ಲ ಬಿದ್ದೊಡನೆ ನೀಲಿ ಹಳದಿಯಾಗುತ್ತದೆ; ಹಳದಿ ಗಾಢವಾದಷ್ಟೂ ಇಂಡೆಕ್ಸ್, ಅಂದರೆ ವರದಿಯಲ್ಲಿ ಬರುವ ಅಂಕಿ, ಜಾಸ್ತಿ.

ನಾನು ಮನಸಾರೆ ಮೆಚ್ಚುವುದು ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ತೆಗೆದ ದ್ರವದಲ್ಲಿ ಮಾಡಿದ ಪರೀಕ್ಷೆಯನ್ನು. ಸಿ.ಟಿ.ಯಲ್ಲಿ ಗಂಟು, ಅದರ ಸುತ್ತ ಮಂಜಿನಂಥ ವರ್ತುಲ ಕಂಡ ಜಾಗಕ್ಕೇ ಸಲೈನ್ ಬಿಟ್ಟು ವಾಪಸ್ ಎಳೆದುಕೊಳ್ಳುತ್ತಾರೆ. ರಕ್ತದಲ್ಲಿ 0.2 ಇದ್ದವರಲ್ಲೂ ಈ ದ್ರವದಲ್ಲಿ 3 ದಾಟಿದ್ದನ್ನು ಕಂಡಿದ್ದೇನೆ. ಫಂಗಸ್ ಬಾರದಂತೆ ತಡೆಯುವ ಪೊಸಕೊನಜೋಲ್ ಔಷಧಿಯನ್ನು ಮೊದಲಿನಿಂದಲೂ ತೆಗೆದುಕೊಳ್ಳುತ್ತಿರುವವರಲ್ಲಂತೂ ರಕ್ತದ ನೆಗೆಟಿವ್ ವರದಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆದರೆ ಆಕ್ಸಿಜನ್ ಕುಸಿಯುತ್ತಿರುವವರಿಗೆ ಬ್ರಾಂಕೋಸ್ಕೋಪಿ ಮಾಡಿಸುವುದು ಸುಲಭದ ಮಾತಲ್ಲ.

ಅಂಕಿಗಳ ವಿಚಾರದಲ್ಲಿ ಗೊಂದಲವಿದೆ. ಸೀರಮ್ಮಿನಲ್ಲಿ 0.5 ಮುಟ್ಟಿದರೆ ಕಿಟ್ ಪಾಸಿಟಿವ್ ಅನ್ನುತ್ತದೆ. ಸಂಶೋಧನೆಗೆಂದು 2020ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡ ಒಂದೇ ಸ್ಯಾಂಪಲ್ ಇದ್ದರೆ 1.0 ಕೇಳುತ್ತದೆ, ರಕ್ತದಲ್ಲಿ 0.7, ಶ್ವಾಸಕೋಶದ ದ್ರವದಲ್ಲಿ 0.8 ಎರಡೂ ಇದ್ದರೂ ಒಪ್ಪುತ್ತದೆ. ಹಾಗಂತ 0.6 ಬಂದ ಜ್ವರದ ರೋಗಿಯನ್ನು ಸುಮ್ಮನೆ ಬಿಡಲಾಗದು, ಸಿ.ಟಿ. ಮಾಡಿಸಲೇಬೇಕು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಮ್ಯೂಕರ್ ಎಂಬ ಇನ್ನೊಂದು ಫಂಗಸ್. ಆ ಫಂಗಸ್ ಇದ್ದರೂ ಈ ಪರೀಕ್ಷೆ ಬಾಯಿ ಬಿಡುವುದಿಲ್ಲ, ಫಂಗಸ್ ಹುಡುಕುವ ಇನ್ನೊಂದು ರಕ್ತ ಪರೀಕ್ಷೆ ಬೀಟಾ-ಡಿ-ಗ್ಲೂಕನ್ ಕೂಡ ಅಷ್ಟೇ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಅದಕ್ಕೆ ನಾಟುವುದೂ ಇಲ್ಲ. ಸಿ.ಟಿ.ಯಲ್ಲಿ ನಡುವೆ ಮಸುಕು, ಅಂಚಿನಲ್ಲಿ ದಪ್ಪ ಉಂಗುರ ಕಂಡು ಗ್ಯಾಲಕ್ಟೊಮ್ಯಾನನ್ ನೆಗೆಟಿವ್ ಬಂದರೆ ದಯವಿಟ್ಟು ನಿರಾಳರಾಗಬೇಡಿ. ಅಲ್ಲಿ ಮ್ಯೂಕರ್‌ಗೆ ಕೊಡುವ ಆಂಫೊಟೆರಿಸಿನ್ ಔಷಧಿಯ ಬಗ್ಗೆ ಅದೇ ದಿನ ತೀರ್ಮಾನವಾಗಬೇಕು.

ಇನ್ನೊಂದು ಕೊರತೆ, ತಡ. ಸಾಕಷ್ಟು ಸ್ಯಾಂಪಲ್ ಸೇರಿದ ಮೇಲೇ ಪ್ಲೇಟ್ ಹಾಕುವ ಲ್ಯಾಬ್‌ಗಳಿವೆ. ನ್ಯೂಟ್ರೋಫಿಲ್ ಇಲ್ಲದ ರೋಗಿಗೆ ಅಷ್ಟು ದಿನ ಕಾಯುವುದು ಅಪಾಯ. ಒಂದೊಂದೇ ಸ್ಯಾಂಪಲ್‌ಗೆ ಅದೇ ದಿನ ಫಲಿತಾಂಶ ಕೊಡುವ ಸ್ಟ್ರಿಪ್ ಪರೀಕ್ಷೆಗಳೂ ಈಗ ಇವೆ. ಸ್ಯಾಂಪಲ್ ಕಳಿಸುವಾಗಲೇ ವರದಿ ಯಾವತ್ತು ಬರುತ್ತದೆಂದು ಲ್ಯಾಬಿಗೆ ಫೋನ್ ಮಾಡಿ ಕೇಳುತ್ತೇನೆ. ನಾಳೆಯೊಳಗೆ ಬಾರದು ಅಂದರೆ, ಸಿ.ಟಿ. ನೋಡಿಯೇ ಔಷಧಿ ಶುರು ಮಾಡುತ್ತೇನೆ.