‘ಸಂಪೂರ್ಣ’ ಎಂದು ಬರೆದಿರುವ ಅಗ್ಗದ ಬಾಕ್ಸ್ ಸೆಟ್‌ಗಳನ್ನು ಕೊಳ್ಳುವ ಮುನ್ನ

ಜಾಸ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಳೆಯ ಧ್ವನಿಮುದ್ರಣಗಳನ್ನು ಸಂಗ್ರಹಿಸುವವರ ಕಣ್ಣಿಗೆ ಈಚೆಗೆ ಒಂದು ಬಗೆಯ ಬಾಕ್ಸ್ ಸೆಟ್‌ಗಳು ಮೇಲಿಂದ ಮೇಲೆ ಬೀಳುತ್ತಿರುತ್ತವೆ. ಒಬ್ಬ ಕಲಾವಿದರು 1950ರ ದಶಕದಲ್ಲಿ ಹೊರತಂದ ಆಲ್ಬಮ್‌ಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ, ಒಂದೊಂದು ಸಿಡಿಯಲ್ಲಿ ಎರಡೆರಡು ಆಲ್ಬಮ್, ಮೇಲೆ ‘ಸಂಪೂರ್ಣ’ ಮತ್ತು ‘24 ಬಿಟ್ ರಿಮಾಸ್ಟರ್’ (ಅಂದರೆ ಹಳೆಯ ಧ್ವನಿಯನ್ನು ಹೊಸದಾಗಿ ಪರಿಷ್ಕರಿಸಿದ್ದು) ಎಂಬ ಒಕ್ಕಣೆ. ಬೆಲೆ ಮಾತ್ರ ಮೂಲ ಲೇಬಲ್‌ನ ಒಂದೆರಡು ಸಿಡಿಗಳಿಗೆ ಕೊಡುವಷ್ಟೇ. ಜಾಸ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಅಂಥದೊಂದು ಪೆಟ್ಟಿಗೆಯನ್ನು ನಾನು ಆನ್‌ಲೈನ್‌ನಲ್ಲಿ ಕೊಂಡೆ. ಅದರಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ ಒಂದೇ: ಇಂಥ ಪೆಟ್ಟಿಗೆಗೆ ಹಣ ಕೊಡುವ ಮೊದಲು ‘ಈ ಸಿಡಿಗಳಲ್ಲಿರುವ ಧ್ವನಿಯನ್ನು ಎಲ್ಲಿಂದ ತೆಗೆದುಕೊಂಡಿದ್ದೀರಿ?’ ಎಂದು ಪ್ರತಿಯೊಬ್ಬರೂ ಕೇಳುವಂತಾಗಬೇಕು.

ಮೊದಲ ಸಿಡಿ ಹಾಕಿದಾಗ ಧ್ವನಿ ಬಹಳ ಸ್ವಚ್ಛವಾಗಿದೆ ಎನ್ನಿಸಿತು. ಆ ಅತಿಯಾದ ಸ್ವಚ್ಛತೆಯೇ ಅನುಮಾನಕ್ಕೆ ಎಡೆಮಾಡಿತು. ಆ ಕಾಲದ ಟೇಪ್‌ಗಳಲ್ಲಿ ಹಿನ್ನೆಲೆಯಲ್ಲಿ ಸಣ್ಣಗೆ ಸುಯ್ಯೆನ್ನುವ ಹಿಸ್ ಇದ್ದೇ ಇರುತ್ತದೆ. ಅದನ್ನು ಸಾಫ್ಟ್‌ವೇರ್ ಬಳಸಿ ಪೂರ್ತಿಯಾಗಿ ಒರೆಸಿಹಾಕಲು ಹೊರಟರೆ, ಅದೇ ಎತ್ತರದ ಆವರ್ತನಗಳಲ್ಲಿರುವ ಸಂಗೀತವೂ ಅದರ ಜೊತೆಗೇ ಹೋಗುತ್ತದೆ. ‘ಕೈಂಡ್ ಆಫ್ ಬ್ಲೂ’ ಆಲ್ಬಮ್‌ನ ಮೊದಲ ರಚನೆ ‘ಸೋ ವಾಟ್’ನಲ್ಲಿ ಡೇವಿಸ್ ಅವರ ಟ್ರಂಪೆಟ್ ಏಕವಾದನ ಆರಂಭವಾಗುವ ಹೊತ್ತಿಗೆ ಡ್ರಮ್ಸ್ ನುಡಿಸುತ್ತಿರುವ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಪೆಟ್ಟು ಕೊಡುತ್ತಾರೆ. ಆ ಪೆಟ್ಟಿನ ನಾದ ಟ್ರಂಪೆಟ್‌ನ ಮೊದಲ ಸ್ವರಗಳ ಹಿಂದೆ ಬಹಳ ಹೊತ್ತು ಹರಡಿಕೊಂಡು, ನಿಧಾನವಾಗಿ ಕರಗಬೇಕು. ಆ ಆಲ್ಬಮ್ ಅನ್ನು ಪ್ರೀತಿಸುವವರೆಲ್ಲ ಕಾದು ಕೇಳುವ ಗಳಿಗೆ ಅದು. ನನ್ನ ಪೆಟ್ಟಿಗೆಯ ಸಿಡಿಯಲ್ಲಿ ಪೆಟ್ಟು ಕೇಳಿಸುತ್ತದೆ, ಆದರೆ ಅದರ ಹಿಂದೆ ಬರಬೇಕಾದ ನಾದ ಅರ್ಧದಲ್ಲೇ ಉಡುಗಿಹೋಗಿ ಆ ಜಾಗದಲ್ಲಿ ನೀರೊಳಗಿನಿಂದ ಬಂದಂಥ ಒಂದು ಕಲಕು ಸದ್ದು ಮಾತ್ರ ಉಳಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಅದೇ ಆಲ್ಬಮ್‌ನ ಶ್ರುತಿಯಲ್ಲಿ ಸಿಕ್ಕಿತು. 1959ರ ಮಾರ್ಚ್ 2ರಂದು ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ ಆಲ್ಬಮ್‌ನ ಮೊದಲ ಬದಿಯ ಮೂರು ರಚನೆಗಳನ್ನು ಮುದ್ರಿಸಿಕೊಂಡಾಗ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಸಂಗೀತ ಕೊಂಚ ಬೇಗ ಓಡಿ ಶ್ರುತಿ ಮೇಲಕ್ಕೇರುತ್ತದೆ. ಏಪ್ರಿಲ್ 22ರಂದು ಮುದ್ರಿಸಿದ ಎರಡನೆಯ ಬದಿಯಲ್ಲಿ ಈ ದೋಷವಿಲ್ಲ. ಮೂರು ದಶಕಗಳ ಕಾಲ ಎಲ್ಲರೂ ಮೊದಲ ಬದಿಯನ್ನು ಏರಿದ ಶ್ರುತಿಯಲ್ಲಿಯೇ ಕೇಳಿದರು. 1990ರ ದಶಕದ ಮರುಬಿಡುಗಡೆಗಳಲ್ಲಿ, ಅಂದು ಇನ್ನೊಂದು ಯಂತ್ರದಲ್ಲಿ ಮಾಡಿಕೊಂಡಿದ್ದ ಸುರಕ್ಷತಾ ಪ್ರತಿಯನ್ನು ಬಳಸಿ ಅದನ್ನು ಸರಿಪಡಿಸಲಾಯಿತು. ನನ್ನ ಬಳಿ ಇದ್ದ ತಿದ್ದಿದ ಆವೃತ್ತಿಯನ್ನೂ ಪೆಟ್ಟಿಗೆಯ ಸಿಡಿಯನ್ನೂ ಒಂದರ ಹಿಂದೊಂದು ನುಡಿಸಿ ನೋಡಿದೆ. ಮೊದಲ ಮೂರು ರಚನೆಗಳಲ್ಲಿ ಪಿಯಾನೋದ ಸ್ವರಗಳು ಹೊಂದಲಿಲ್ಲ, ಕೊನೆಯ ಎರಡರಲ್ಲಿ ಸರಿಯಾಗಿ ಹೊಂದಿಕೊಂಡವು. ಅಂದರೆ ‘24 ಬಿಟ್ ರಿಮಾಸ್ಟರ್’ ಎಂದು ಮಾರಿದ ಈ ಸಿಡಿಯ ಮೂಲ, ತಿದ್ದುಪಡಿಗೂ ಹಿಂದಿನ ಯಾವುದೋ ಎಲ್‌ಪಿ ಅಥವಾ ಸಿಡಿ. ಏರಿದ ಶ್ರುತಿಯೇ ಅಪರಾಧವೆಂದು ನಾನು ಹೇಳುತ್ತಿಲ್ಲ, ಮೊದಲ ಬಿಡುಗಡೆಯೇ ಹಾಗಿತ್ತು. ಆದರೆ ಪೆಟ್ಟಿಗೆಯ ಮೇಲೆ ಬರೆದ ಮಾತಿಗೂ ಒಳಗಿನ ಧ್ವನಿಗೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಇನ್ನೊಂದು ಸಿಡಿಯಲ್ಲಿ ಹಿಸ್ ಹಾಗೆಯೇ ಉಳಿದಿತ್ತು. ಆದ್ದರಿಂದ ಬೇರೆ ಬೇರೆ ಸಿಡಿಗಳನ್ನು ಬೇರೆ ಬೇರೆ ಕಡೆಯಿಂದ ಎತ್ತಿಕೊಂಡಿದ್ದಾರೆ ಎಂದಾಯಿತು. ಆ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಉಚಿತ ತಂತ್ರಾಂಶವೊಂದರಲ್ಲಿ ತೆರೆದು ನೋಡಿದೆ. ಸಿಡಿಯಲ್ಲಿ ಸುಮಾರು 22 ಕಿಲೋಹರ್ಟ್ಸ್‌ವರೆಗೆ ಧ್ವನಿ ಇರಲು ಅವಕಾಶವಿದೆ, ಟೇಪ್ ಹಿಸ್ ಮೇಲಕ್ಕೆ ಹೋದಂತೆ ನಿಧಾನವಾಗಿ ತೆಳುವಾಗಬೇಕು. ಇಲ್ಲಿ 16 ಕಿಲೋಹರ್ಟ್ಸ್‌ನಲ್ಲಿ ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ಎಲ್ಲವೂ ಒಮ್ಮೆಗೇ ನಿಂತುಹೋಗಿ, ಅದರಿಂದಾಚೆ ಬರೀ ಕಪ್ಪು. ಗಾತ್ರ ಕುಗ್ಗಿಸಲು ಧ್ವನಿಯ ಒಂದು ಭಾಗವನ್ನೇ ತೆಗೆದುಹಾಕಿದ, ಕಡಿಮೆ ಬಿಟ್‌ರೇಟ್‌ನ ಎಂಪಿ3 ಕಡತ ಬಿಟ್ಟುಹೋಗುವ ಗುರುತು ಇದು. ಒಂದು ಆಲ್ಬಮ್‌ನ ಕೊನೆಯ ರಚನೆಯನ್ನು ಸಿಡಿಯ 80 ನಿಮಿಷಗಳೊಳಗೆ ತುರುಕುವುದಕ್ಕಾಗಿ ಮುಗಿಯುವ ಮೊದಲೇ ಧ್ವನಿ ತಗ್ಗಿಸಿ ನಿಲ್ಲಿಸಿಬಿಟ್ಟಿದ್ದರು.

ಇಂಥ ಪೆಟ್ಟಿಗೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಕಾನೂನಿನ ಕಡೆಯಿಂದ ತಿಳಿದುಕೊಳ್ಳಬೇಕು. ಐರೋಪ್ಯ ಒಕ್ಕೂಟದಲ್ಲಿ ಧ್ವನಿಮುದ್ರಣಗಳ ಹಕ್ಕು ಮೊದಲು 50 ವರ್ಷಗಳಿಗೆ ಸೀಮಿತವಾಗಿತ್ತು. 2011ರ ನಿರ್ದೇಶನದ ಮೂಲಕ ಅದನ್ನು 70 ವರ್ಷಗಳಿಗೆ ವಿಸ್ತರಿಸಿದರೂ, ಅದು ಜಾರಿಗೆ ಬಂದ 2013ರ ಹೊತ್ತಿಗೆ ಅವಧಿ ಮುಗಿದಿದ್ದ ಧ್ವನಿಮುದ್ರಣಗಳಿಗೆ ಆ ರಕ್ಷಣೆ ಮರಳಿ ಸಿಗಲಿಲ್ಲ. ಹೀಗಾಗಿ 1962ರವರೆಗೆ ಬಿಡುಗಡೆಯಾದವು ಅಲ್ಲಿ ಯಾರು ಬೇಕಾದರೂ ಮುದ್ರಿಸಿ ಮಾರಬಹುದಾದವು. ಇಂಥ ಪೆಟ್ಟಿಗೆಗಳ ಮೇಲಿನ ಇಸವಿಗಳು ಅಷ್ಟೊಂದು ಬಾರಿ 1962ಕ್ಕೇ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಅವೇ ಧ್ವನಿಮುದ್ರಣಗಳು ಇಂದಿಗೂ ಹಕ್ಕುಸ್ವಾಮ್ಯದ ಅಡಿಯಲ್ಲಿವೆ. ಇಲ್ಲಿ ಗಮನಿಸಲೇಬೇಕಾದ ಸಂಗತಿಯೆಂದರೆ, ಅವಧಿ ಮುಗಿದಾಗ ಮುಕ್ತವಾಗುವುದು ಸಂಗೀತವನ್ನು ನಕಲು ಮಾಡುವ ಹಕ್ಕು ಮಾತ್ರ. ಸ್ಟುಡಿಯೋದಲ್ಲಿ ತಯಾರಾದ ಮೂಲ ಟೇಪ್, ಅಂದರೆ ಮಾಸ್ಟರ್ ಟೇಪ್, ಮೂಲ ಕಂಪನಿಯ ಉಗ್ರಾಣದಲ್ಲೇ ಇರುತ್ತದೆ. ಟೇಪ್ ಕೈಗೆ ಸಿಗದವರು ಬೇರೆ ಯಾರೋ ಶ್ರಮಪಟ್ಟು ಸಿದ್ಧಪಡಿಸಿದ ಸಿಡಿಯಿಂದಲೋ ಹಳೆಯ ಎಲ್‌ಪಿಯಿಂದಲೋ ಧ್ವನಿಯನ್ನು ಇಳಿಸಿಕೊಳ್ಳದೆ ವಿಧಿಯಿಲ್ಲ.

ಡಿಸ್ಕ್‌ನಿಂದ ಇಳಿಸಿಕೊಳ್ಳುವುದೇ ಕೀಳು ಎಂದು ಯಾರೂ ತಿಳಿಯಬಾರದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಡಿಸ್ಕ್‌ಗಳ (78 ಆರ್‌ಪಿಎಂ) ಕಾಲದ ಧ್ವನಿಮುದ್ರಣಗಳಿಗೆ ಎಷ್ಟೋ ಸಲ ಬೇರೆ ದಾರಿಯೇ ಇರುವುದಿಲ್ಲ. ವಾರ್ಡ್ ಮಾರ್ಸ್ಟನ್, ಮಾರ್ಕ್ ಓಬರ್ಟ್-ಥಾರ್ನ್ ಅವರಂಥವರು ಒಳ್ಳೆಯ ಸ್ಥಿತಿಯ ಡಿಸ್ಕ್‌ಗಳನ್ನು ಹುಡುಕಿ, ಸರಿಯಾದ ವೇಗ ಮತ್ತು ಶ್ರುತಿಯನ್ನು ನಿರ್ಧರಿಸಿ ಮಾಡಿರುವ ಕೆಲಸವನ್ನು ಶಾಸ್ತ್ರೀಯ ಸಂಗೀತದ ಸಂಗ್ರಾಹಕರು ಗೌರವದಿಂದ ನೆನೆಯುತ್ತಾರೆ. ಅವರ ಹೆಸರು ಸಿಡಿಯ ಮೇಲೆ ಇರುತ್ತದೆ, ಜವಾಬ್ದಾರಿಯೂ ಅವರದೇ ಆಗಿರುತ್ತದೆ. ನಾನು ಕೊಂಡ ಪೆಟ್ಟಿಗೆಯ ಕಿರುಪುಸ್ತಿಕೆಯಲ್ಲಿ ವಾದಕರ ಹೆಸರುಗಳೂ ಮುದ್ರಣದ ದಿನಾಂಕಗಳೂ ಇದ್ದವು, ಧ್ವನಿಯನ್ನು ಸಿದ್ಧಪಡಿಸಿದ ಒಬ್ಬ ಇಂಜಿನಿಯರ್‌ನ ಹೆಸರೂ ಇರಲಿಲ್ಲ.

‘24 ಬಿಟ್’ ಎಂಬ ಮಾತಿನ ಬಗ್ಗೆಯೂ ಒಂದು ವಿಷಯ ತಿಳಿದಿರಬೇಕು. ಸಾಮಾನ್ಯ ಸಿಡಿಯಲ್ಲಿರುವುದು 16 ಬಿಟ್ ಧ್ವನಿ. ತಯಾರಿಕೆಯ ನಡುವೆ 24 ಬಿಟ್‌ನಲ್ಲಿ ಕೆಲಸ ಮಾಡಿರಬಹುದು, ಅದು ಒಳ್ಳೆಯದೇ. ಆದರೆ ಎಂಪಿ3ಯನ್ನು 24 ಬಿಟ್‌ಗೆ ಏರಿಸಿದರೆ ಕಳೆದುಹೋದದ್ದು ಮರಳಿ ಬರುವುದಿಲ್ಲ. ಹೆಸರಾಂತ ಕಂಪನಿಗಳ ವಿಷಯದಲ್ಲೂ ಮೂಲವನ್ನು ಕೇಳಿ ತಿಳಿಯಬೇಕಾದ ಅಗತ್ಯವಿದೆ ಎಂಬುದು 2022ರಲ್ಲಿ ಬಯಲಾಯಿತು: ಟೇಪ್‌ನಿಂದ ನೇರವಾಗಿ ಬಂದವೆಂದು ಗ್ರಾಹಕರು ನಂಬಿದ್ದ ಮೊಬೈಲ್ ಫಿಡೆಲಿಟಿಯ ಅನೇಕ ದುಬಾರಿ ಎಲ್‌ಪಿಗಳ ತಯಾರಿಕೆಯಲ್ಲಿ ಅವರಿಗೆ ತಿಳಿಸದ ಡಿಜಿಟಲ್ ಹಂತವೊಂದಿತ್ತು. ವಿಷಯ ಅಮೆರಿಕದ ನ್ಯಾಯಾಲಯಕ್ಕೆ ಹೋಗಿ ರಾಜಿಯಲ್ಲಿ ಮುಗಿಯಿತು. ಅಲ್ಲಿ ಮೂಲ ಟೇಪ್‌ಗಳಾದರೂ ನಿಜವಾಗಿದ್ದವು. ಆ ಪ್ರಕರಣವನ್ನು ನನ್ನ ಪೆಟ್ಟಿಗೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಶಾಸ್ತ್ರೀಯ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಮೋಸವೇ ನಡೆದಿದೆ. ಪಿಯಾನೋ ವಾದಕಿ ಜಾಯ್ಸ್ ಹ್ಯಾಟೊ ಅವರ ಹೆಸರಿನಲ್ಲಿ ಪತಿ ಹೊರತಂದ ಸಿಡಿಗಳನ್ನು ವಿಮರ್ಶಕರು ಮನಸಾರೆ ಹೊಗಳಿದ್ದರು. 2007ರಲ್ಲಿ ಕೇಳುಗರೊಬ್ಬರು ಅವುಗಳಲ್ಲಿ ಒಂದನ್ನು ಕಂಪ್ಯೂಟರಿಗೆ ಹಾಕಿದಾಗ ರಚನೆಗಳ ಅವಧಿಯನ್ನು ನೋಡಿ ಸಿಡಿಯ ಹೆಸರು ತೋರಿಸುವ ಆನ್‌ಲೈನ್ ದತ್ತಸಂಚಯ ಅದನ್ನು ಇನ್ನೊಬ್ಬ ಪಿಯಾನೋ ವಾದಕ ಲಾಸ್ಲೊ ಸಿಮೋನ್ ನುಡಿಸಿದ ಸಿಡಿಯೆಂದು ಗುರುತಿಸಿತು. ತನಿಖೆಯಾದಾಗ ಇನ್ನೂ ಅನೇಕ ಸಿಡಿಗಳು ಬೇರೆಯವರ ಧ್ವನಿಮುದ್ರಣಗಳೆಂದು ಸಾಬೀತಾಯಿತು. ಹೊಸ ಸಿಡಿ ಕೊಂಡಾಗ ಒಮ್ಮೆ ಕಂಪ್ಯೂಟರಿಗೆ ಹಾಕಿ ಯಾವ ಹೆಸರು ಬರುತ್ತದೆಂದು ನೋಡುವ ಅಭ್ಯಾಸ ಇಂದಿಗೂ ಉಪಯುಕ್ತ.

ಹಣ ಮರಳಿ ಪಡೆಯುವ ಪ್ರಯತ್ನ ಫಲಿಸಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಒಡೆದಿರುವುದರಿಂದ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರರು ಉತ್ತರಿಸಿದರು. ಆವರ್ತನದ ಚಿತ್ರಗಳನ್ನು ಕಳುಹಿಸಿದಾಗ ‘ಹಳೆಯ ಧ್ವನಿಮುದ್ರಣ, ಧ್ವನಿ ಹಾಗೆಯೇ ಇರುತ್ತದೆ’ ಎಂದರು. ಹೊದಿಕೆ ಒಡೆಯದೆ ಸಿಡಿಯನ್ನು ಪರೀಕ್ಷಿಸಲು ಸಾಧ್ಯವೇ ಇಲ್ಲವಾದ್ದರಿಂದ ಈ ಷರತ್ತು ಕೊಳ್ಳುವವರನ್ನು ಪೂರ್ತಿಯಾಗಿ ಕಟ್ಟಿಹಾಕುತ್ತದೆ. ಆದ್ದರಿಂದ ಆರ್ಡರ್ ಮಾಡುವ ಮೊದಲೇ ಪೆಟ್ಟಿಗೆಯ ಹಿಂಬದಿಯ ಸ್ಪಷ್ಟ ಚಿತ್ರ ಕೇಳಿ. ಮೂಲ ಹಕ್ಕುದಾರರಿಂದ ಪರವಾನಗಿ ಪಡೆದಿರುವ ಸಾಲು ಅಲ್ಲಿದೆಯೇ, ಮಾಸ್ಟರಿಂಗ್ ಮಾಡಿದವರ ಹೆಸರಿದೆಯೇ, ಟೇಪ್ ಅಥವಾ ಡಿಸ್ಕ್‌ನ ಪ್ರಸ್ತಾಪವಿದೆಯೇ ನೋಡಿ. 1983ರಲ್ಲಿ ಜಾಸ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರು ಬ್ಲೂ ನೋಟ್ ಲೇಬಲ್‌ಗೆ ನುಡಿಸಿದ ಧ್ವನಿಮುದ್ರಣಗಳ ಪೆಟ್ಟಿಗೆಯನ್ನು ಹೊರತಂದ ಮೊಸಾಯಿಕ್ ಸಂಸ್ಥೆಯ ಕೆಲಸವನ್ನಾಗಲೀ, ಕೆವಿನ್ ಗ್ರೇ ಅವರು ಮೂಲ ಟೇಪ್‌ಗಳಿಂದ ಮಾಸ್ಟರ್ ಮಾಡುವ, 2019ರಲ್ಲಿ ಆರಂಭವಾದ ಬ್ಲೂ ನೋಟ್‌ನ ಟೋನ್ ಪೊಯೆಟ್ ಎಲ್‌ಪಿ ಸರಣಿಯನ್ನಾಗಲೀ ನೋಡಿದರೆ, ಹೇಳಿಕೊಳ್ಳಲು ನಿಜವಾದ ಮೂಲ ಇರುವವರು ಅದನ್ನು ಮುಚ್ಚಿಡುವುದಿಲ್ಲ ಎಂಬುದು ತಿಳಿಯುತ್ತದೆ.

ನಾನು ಕೊಂಡ ಪೆಟ್ಟಿಗೆ ಈಗ ಅದೇ ಹೆಸರಿನಲ್ಲಿ ಸಿಗುತ್ತಿಲ್ಲ. ಬೇರೊಂದು ಲೇಬಲ್‌ನ ಹೆಸರು, ಬೇರೊಂದು ಮುಖಚಿತ್ರ ಹೊತ್ತ ಪೆಟ್ಟಿಗೆಯೊಂದು ಮಾರಾಟಕ್ಕೆ ಬಂದಿದೆ; ಆಲ್ಬಮ್‌ಗಳ ಅನುಕ್ರಮವೂ ಪ್ರತಿ ಸಿಡಿಯ ಅವಧಿಯೂ, ಅರ್ಧಕ್ಕೆ ನಿಂತ ಆ ಕೊನೆಯ ರಚನೆಯ ಅವಧಿಯೂ ಸೆಕೆಂಡಿನಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಲೇಬಲ್‌ನ ಹೆಸರನ್ನು ನಂಬಿ ಕುಳಿತರೆ ಇದನ್ನು ಗುರುತಿಸುವುದು ಕಷ್ಟ. ರಚನೆಗಳ ಅವಧಿಯನ್ನು ಮೂಲ ಲೇಬಲ್ ಪ್ರಕಟಿಸಿದ ಅವಧಿಯೊಂದಿಗೆ ಹೋಲಿಸಿ ನೋಡಿ. ‘ಸೋ ವಾಟ್’ ಕೆಲವು ಸೆಕೆಂಡು ಕಡಿಮೆ ಇದ್ದರೆ ಮೂಲ ಯಾವುದೆಂದು ಮಾರುವವರನ್ನು ಬರಹದಲ್ಲೇ ಕೇಳಿ, ಉತ್ತರ ಬಾರದಿದ್ದರೆ ಹಣ ಕೊಡಬೇಡಿ.